ಮುನ್ನೂರು ಗ್ರಾಮಿನ ಶೂರ

“ನಾಳೆ ಕಾಡಲ್ಲಿ ಒಬ್ಬನೇ ಸಿಕ್ಕಿಹಾಕಿಕೊಂಡ್ರೂ ಒಂದು ತಿಂಗಳು ರಾಜನ ಹಾಗೆ ಬದುಕಿ ಬರ್ತೀನಿ!” ಎಂದು ಕ್ಲೇರೆನ್ಸ್ ಸಾರಿದಾಗ ಹೆಂಡತಿ ಐಲಿ ಉಪ್ಪಿನಕಾಯಿ ಬಾಟಲಿಯ ಜೊತೆ ಗುದ್ದಾಡುತ್ತಿದ್ದಳು.

“ಮೊದಲು ಈ ಮುಚ್ಚಳ ತೆಗೆದುಕೊಡು ರಾಜಾ,” ಅಂದಳು.

ಕ್ಲೇರೆನ್ಸ್ ಥಂಡರ್ ಬೇ ಊರಿನ ಅಂಚೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಪಾರ್ಸೆಲ್ ತೂಗುತ್ತಿದ್ದವನು. ತೂಗಿ ತೂಗಿ ಅವನಿಗೆ ಜಗತ್ತೇ ಗ್ರಾಮುಗಳಲ್ಲಿ ಕಾಣುತ್ತಿತ್ತು. ಈಗ ಕಾಡಿನ ಆಪತ್ಕಾಲಕ್ಕೊಂದು ಚೀಲ ಕಟ್ಟುವ ಮಹಾಸಂಕಲ್ಪ ತೊಟ್ಟಿದ್ದ. ಬೆಂಕಿಕಡ್ಡಿ, ಹಗ್ಗ, ಒಣಮಾಂಸ ಎಲ್ಲ ಸೇರಿತ್ತು. ಉಳಿದದ್ದು ಮರ ಕಡಿಯುವ ಆಯುಧ. ಅದಕ್ಕೆ ಅವನು ಗೊತ್ತುಮಾಡಿದ್ದ ತೂಕ ಮುನ್ನೂರು ಗ್ರಾಂ. ಒಂದು ಗ್ರಾಂ ಹೆಚ್ಚಿದರೂ ಪ್ರಾಣಕ್ಕೆ ಕುತ್ತು!

ಅಡುಗೆಮನೆ ಮೇಜಿನ ಮೇಲೆ ಮೂವರು ಅಭ್ಯರ್ಥಿಗಳು ಮಲಗಿದ್ದರು: ಮಡಚುವ ಗರಗಸ, ಕೈಗೊಡಲಿ, ಎರಡು ತುದಿಗೂ ಉಂಗುರವಿದ್ದ ತಂತಿ ಗರಗಸ. ತಂತಿ ಬರೀ ನಲವತ್ತು ಗ್ರಾಂ, ಬೆಂಕಿಪೊಟ್ಟಣದಲ್ಲಿ ಹಿಡಿಸುತ್ತಿತ್ತು. ತಕ್ಷಣ ಪಾಸ್! ಕೊಡಲಿ ಮುನ್ನೂರ ತೊಂಬತ್ತು. ಕ್ಲೇರೆನ್ಸ್ ಹಿಂದೆಮುಂದೆ ನೋಡಲಿಲ್ಲ. ಮಡಚುವ ಗರಗಸ ಬಿಚ್ಚಿ ಕೊಡಲಿಯ ಕಾವನ್ನೇ ಅರ್ಧಕ್ಕೆ ಕೊಯ್ದ. ಇನ್ನೂರ ಅರವತ್ತು! ಒಟ್ಟು ಸರಿಯಾಗಿ ಮುನ್ನೂರು! ಆಮೇಲೆ ಗರಗಸವನ್ನು ‘ಭಾರ’ ಎಂದು ಕಪಾಟಿಗೆ ಎಸೆದ.

“ಮೂರರಲ್ಲಿ ಮರ ಕೊಯ್ಯೋದು ಅದೊಂದೇ ಅಂತ ಈಗ ತಾನೇ ಕಣ್ಣಾರೆ ನೋಡಿದೆ. ಅದನ್ನೇ ಬಿಟ್ಟು ಹೊರಟೆಯಲ್ಲ ಮಾರಾಯ?”

“ನಿನಗೆ ಅರ್ಥವಾಗಲ್ಲ. ಇದು ವಿಜ್ಞಾನ.”

ಆ ಶನಿವಾರ ಇಬ್ಬರೂ ಸರೋವರದ ದಂಡೆಯ ತಮ್ಮ ಮರದ ಮನೆಗೆ ಹೋದರು. ಭಾನುವಾರ ಐಲಿಯ ತಾಯಿ ಇಂಪಿಗೆ ಎಂಬತ್ತು ತುಂಬುತ್ತಿತ್ತು. ಊರಿನ ಚರ್ಚ್ ಹಾಲ್‌ನಲ್ಲಿ ಮಧ್ಯಾಹ್ನ ಔತಣ. ಕೇಕಿಗೆ ಅಲ್ಲಿನ ಕಾಡು ಸ್ಟ್ರಾಬೆರಿಯೇ ಆಗಬೇಕೆಂದು ಐಲಿಯ ಹಟ. ಅವಳು ಹಣ್ಣು ಆರಿಸುತ್ತಿದ್ದಾಗ ಕ್ಲೇರೆನ್ಸ್ ದಾರಿ ಪಕ್ಕದಲ್ಲಿ, ಹೊಳೆಯಂಚಿಗಿದ್ದ ಪಾಪ್ಲರ್ ಮರದ ಮೇಲೆ ದಂಡೆತ್ತಿಹೋದ. ಅರ್ಧ ಗಂಟೆ ತಂತಿ ಎಳೆದ. ಗಿಡ್ಡ ಕೊಡಲಿಯಿಂದ ಹೊಡೆದ. ಪ್ರತಿ ಏಟಿಗೂ ಬೆರಳ ಗೆಣ್ಣು ತೊಗಟೆಗೆ ತಾಗಿ ಅವನೇ ಕುಣಿದ. ಕೊನೆಗೆ ಮರದ ಮೈಮೇಲೆ ಇಲಿ ಕಚ್ಚಿದಷ್ಟು ಗಾಯ ಕಾಣಿಸಿತು.

“ಪ್ರಯೋಗ ಯಶಸ್ವಿ!” ಎನ್ನುತ್ತಾ ಬಂದು ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕೇಕು ಹಿಡಿದು ಕಾರಿನತ್ತ ನಡೆದರೆ, ಅದೇ ಪಾಪ್ಲರ್ ಕಾರಿನ ಮುಂದೆ ದಾರಿಗಡ್ಡ ಮೈಚಾಚಿ ಬಿದ್ದಿದೆ!

“ನೋಡಿದೆಯಾ! ನನ್ನ ಏಟು ಒಳಗೊಳಗೇ ಕೆಲಸ ಮಾಡಿದೆ!” ಕ್ಲೇರೆನ್ಸ್ ಎದೆಯುಬ್ಬಿಸಿದ.

ಐಲಿ ಬುಡದ ಹತ್ತಿರ ಬಗ್ಗಿದಳು. ಮೊಣಕಾಲೆತ್ತರದಲ್ಲಿ ಮರ ಪೆನ್ಸಿಲ್ ಮೊನೆಯ ಹಾಗೆ ಚೂಪಾಗಿತ್ತು. ಸುತ್ತ ಹಲ್ಲಿನ ಗುರುತಿದ್ದ ಚಕ್ಕೆಗಳು. ಗಂಡ ಮಾಡಿದ ಗಾಯ ಅದಕ್ಕಿಂತ ಒಂದು ಮೊಳ ಮೇಲೆ, ಬಿದ್ದ ಕಾಂಡದಲ್ಲಿ ಹಾಗೇ ಉಳಿದಿತ್ತು.

“ಇದು ಬೀವರ್ ಕೆಲಸ ಕಣಪ್ಪಾ. ಹೊಳೆಗೆ ಅಣೆಕಟ್ಟು ಕಟ್ಟೋಕೆ ಆ ಪ್ರಾಣಿ ಹಲ್ಲಲ್ಲೇ ಕಡಿದು ಬೀಳಿಸಿದೆ. ನೀನು ಒದ್ದಾಡಿದ್ದು ನೋಡಿ ಪಾಪ ಅನ್ನಿಸಿರ್ಬೇಕು!”

ಫೋನಿಗೆ ಸಿಗ್ನಲ್ ಇಲ್ಲ. ಬೇರೆ ದಾರಿಯೂ ಇಲ್ಲ. ಬಿಸಿಲಿಗೆ ಕೇಕಿನ ಕೆನೆ ಬೆವರತೊಡಗಿತು. ಅತ್ತೆಯ ಹೆಸರಿನಲ್ಲಿದ್ದ ಇಂಪು ನಾಲಿಗೆಗೆ ಎಂದೂ ಇಳಿದಿರಲಿಲ್ಲ. ಆ ನಾಲಿಗೆಯನ್ನು ನೆನೆದೇ ಕ್ಲೇರೆನ್ಸ್ ತಂತಿ ಎಳೆದ. ನಾಲ್ಕನೇ ಎಳೆತಕ್ಕೆ ಅದು ಟಣ್ ಎಂದು ತುಂಡಾಗಿ, ಅವನು ಕೇಕಿನ ಪಕ್ಕದಲ್ಲೇ ಬಿದ್ದ. ಅಂಗಿಗೆ ಒಂದಿಷ್ಟು ಕೆನೆ ಮೆತ್ತಿಕೊಂಡಿತು. ಎದ್ದು ರೋಷದಿಂದ ಕೊಡಲಿ ಬೀಸಿದ. ಹಿಡಿಯಲು ಕಾವಿಲ್ಲದೆ ಅದು ಕೈಜಾರಿ ಹಾರಿ ಹೊಳೆ ಸೇರಿತು.

“ಈಗ ಒಟ್ಟು ತೂಕ ಎಷ್ಟಾಯ್ತು?” ಐಲಿ ಕೇಳಿದಳು.

“ಸೊನ್ನೆ,” ಎಂದ ಕ್ಲೇರೆನ್ಸ್, ತಲೆ ತಗ್ಗಿಸಿ.

ಒಂದೂವರೆಯ ಹೊತ್ತಿಗೆ ಮರದ ಆಚೆ ಬದಿಯಲ್ಲಿ ಹಾರ್ನ್ ಕೇಳಿಸಿತು. ಹಳೇ ಟ್ರಕ್ಕಿನಿಂದ ಇಂಪಿ ಇಳಿದಳು! ಮುತ್ತಿನ ಸರ, ಹೊಸ ನೀಲಿ ಗೌನು, ಹೊಳೆಯುವ ಬೂಟು. ಹಿಂದೆ ಮೂರು ಕಾರು ತುಂಬ ನೆಂಟರು, ಕಾಫಿ ಫ್ಲಾಸ್ಕುಗಳ ಸಮೇತ.

“ಸತ್ತಿದ್ದೀರೋ ಬದುಕಿದ್ದೀರೋ ನೋಡೋಣ ಅಂತ ಊಟ ಬಿಟ್ಟು ಓಡಿ ಬಂದೆ!” ಎಂದು ಬೈಯುತ್ತಲೇ ಅವಳು ಟ್ರಕ್ಕಿನಿಂದ ಬಿಲ್ಲಿನಂತೆ ಬಾಗಿದ ದೊಡ್ಡ ಗರಗಸವೊಂದನ್ನು ಎಳೆದಳು.

“ಕೊಡಿ ಅತ್ತೆ, ನಾನು ಕೊಯ್ತೀನಿ,” ಕ್ಲೇರೆನ್ಸ್ ಮುಂದೆ ಬಂದ.

“ಬೇಡಪ್ಪಾ. ಮರ ಅಲುಗ್ತಾ ಇದೆ, ನೀನು ಅದರ ಮೇಲೆ ಕೂತ್ಕೋ. ಇಷ್ಟು ತೂಕದ ಅಳಿಯ ನನಗಿನ್ನೆಲ್ಲಿ ಸಿಗ್ತಾನೆ!”

ನೆಂಟರೆಲ್ಲ ಹೋ ಎಂದು ನಕ್ಕರು. ಕ್ಲೇರೆನ್ಸ್ ಕೂತ. ಗೌನಿನ ತೋಳು ಮೇಲೇರಿಸಿ ಇಂಪಿ ಎರಡು ಕಡೆ ಕೊಯ್ದು, ಕಾಲು ಗಂಟೆಯಲ್ಲಿ ದಾರಿ ಬಿಡಿಸಿದಳು.

ಆದರೆ ಊರಿಗೆ ಯಾರೂ ಹೊರಡಲಿಲ್ಲ. ಅಲ್ಲೇ ದಿಮ್ಮಿಗಳ ಮೇಲೆ ಕೂತು, ಕುಸಿದ ಕೇಕನ್ನು ಚಮಚದಲ್ಲಿ ಬಾಚಿ ತಿಂದರು. ಇಂಪಿಯ ಮುಖ ಹುಡುಗಿಯ ಹಾಗೆ ಅರಳಿತ್ತು. ಅವಳು ಕಾಫಿ ಲೋಟ ಎತ್ತಿದಳು.

“ಚರ್ಚ್ ಹಾಲ್‌ನಲ್ಲಿ ಕೂತು ಪಾದ್ರಿಗಳ ಭಾಷಣ ಕೇಳೋದು ತಪ್ಪಿಸಿ, ನನ್ನ ಹುಟ್ಟುಹಬ್ಬಾನ ಕಾಡಿಗೆ ತಂದ ಆ ಪುಣ್ಯಾತ್ಮನಿಗೆ ನಾನು ಥ್ಯಾಂಕ್ಸ್ ಹೇಳ್ಲೇಬೇಕು!”

ಕ್ಲೇರೆನ್ಸ್ ಕೆಮ್ಮಿ, ಅಂಗಿಯ ಕೆನೆ ಒರೆಸಿಕೊಂಡು, ಬಹಳ ವಿನಯದಿಂದ ಎದ್ದು ನಿಂತ.

“ನೀನು ಕೂತ್ಕೊಳ್ಳಪ್ಪಾ,” ಎಂದು ಇಂಪಿ ಹೊಳೆಯ ಕಡೆ ತಿರುಗಿದಳು. “ನಾನು ಹೇಳಿದ್ದು ಹಲ್ಲಿರೋನಿಗೆ!”