ಸೇರನ್ನು ಬೋರಲು ಕೆಡವಿದ ಕೆಂಪು ಹ್ಯಾಟೆಯವರಿಗೆ

ನಮ್ಮ ಹಿತ್ತಿಲಿನ ಒಡತಿಯರೂ, ಜಗಲಿಯ ಮೇಲ್ವಿಚಾರಕರೂ, ಮೊರದಲ್ಲಿ ಹರಡಿದ ಅಕ್ಕಿಗೆ ಮನೆಯವರಿಗಿಂತ ಮೊದಲು ಬಾಯಿ ಹಾಕುವ ಹಕ್ಕುಳ್ಳವರೂ ಆದ ಕೆಂಪು ಹ್ಯಾಟೆ ಕೋಳಿಯವರ ಸನ್ನಿಧಾನಕ್ಕೆ, ಚುಂಚನಕಟ್ಟೆ ಪಕ್ಕದ ಊರಿನ ಗಾರೆ ಮೇಸ್ತ್ರಿ ನಂಜಣ್ಣನ ನಮಸ್ಕಾರಗಳು.

ಮಾನ್ಯರೇ,

ತಾವು ಮರಿಗಳ ಸಮೇತ ಕ್ಷೇಮವೆಂದು ನಂಬಿದ್ದೇನೆ. ಇವತ್ತು ಬೆಳಿಗ್ಗೆ ನನ್ನ ಚಪ್ಪಲಿಯ ಮೇಲೆ ತಾವು ಬಿಟ್ಟುಹೋದ ಗುರುತನ್ನು ನೋಡಿದರೆ ತಮ್ಮ ಜೀರ್ಣಶಕ್ತಿಗಂತೂ ಏನೂ ಕೊರತೆಯಾದಂತೆ ಕಾಣುವುದಿಲ್ಲ.

ನಾನು ಯಾರೆಂದು ತಮಗೆ ತಿಳಿಯದೆ ಇರಲಾರದು, ಆದರೂ ನೆನಪಿಸುತ್ತೇನೆ. ಸಾಲಿಗ್ರಾಮದಿಂದ ಕೆ.ಆರ್. ನಗರದವರೆಗೆ ಯಾವ ಬೀದಿಗೆ ಹೋದರೂ ನಾನು ಎಬ್ಬಿಸಿದ ಗೋಡೆಯೊಂದು ಸಿಕ್ಕೇ ಸಿಗುತ್ತದೆ, ಮತ್ತು ಇವತ್ತು ತೂಕದ ಗುಂಡು ಇಳಿಬಿಟ್ಟರೂ ಅದು ಕೂದಲೆಳೆಯಷ್ಟೂ ಆಚೀಚೆ ಆಗಿರುವುದಿಲ್ಲ. ಅಂಥವನನ್ನು ಅವನ ಜಗಲಿಯ ಮೇಲೆಯೇ ಕೈ ಕಟ್ಟಿ ಕೂರಿಸಿ, ಕರಣೆಯನ್ನು ಕಣ್ಣಿಂದಲೂ ಕಂಡಿರದ ತಮ್ಮನ್ನು ಕೆಲಸದ ಜಾಗದಲ್ಲಿ ಸ್ವೇಚ್ಛೆಯಾಗಿ ಓಡಾಡಲು ಬಿಟ್ಟಿದ್ದಾರೆ ಎಂಬುದೇ ನನ್ನ ದೂರು.

ಇದಕ್ಕೆಲ್ಲ ಮೂಲ ನನ್ನ ಮೊಮ್ಮಗಳು ರಾಣಿ. ಅವಳಿಗಿನ್ನೂ ಮೂರು ತುಂಬಿಲ್ಲ. ಅವಳಮ್ಮ ಶೋಭಾ, ಅಂದರೆ ನನ್ನ ಮಗಳು, ಬೆಳಿಗ್ಗೆ ಬಸ್ಸು ಹತ್ತಿ ಹೊಲಿಗೆ ಕಾರ್ಖಾನೆಗೆ ಹೋದಮೇಲೆ ಮಗು ನನ್ನ ಮತ್ತು ನನ್ನ ಹೆಂಡತಿ ಮಹದೇವಮ್ಮನ ಪಾಲಿಗೆ. ತೆಂಗಿನ ಕರಟ, ಇಟ್ಟಿಗೆ ಚೂರು, ಎಣ್ಣೆಯ ಡಬ್ಬಿ, ಏನು ಸಿಕ್ಕರೂ ಒಂದರ ಮೇಲೊಂದು ಇಡುವುದೇ ಅವಳಿಗೆ ಆಟ. ಅವಳು ಓರೆಯಾಗಿ ಇಟ್ಟದ್ದನ್ನು ನಾನು ನೇರ ಮಾಡುತ್ತಿದ್ದೆ, ಬಿದ್ದದ್ದನ್ನು ಮತ್ತೆ ನಿಲ್ಲಿಸುತ್ತಿದ್ದೆ, ಮೇಸ್ತ್ರಿಯಾದವನು ಮಾಡಬೇಕಾದ್ದೇ ಅದು ಎಂದುಕೊಂಡಿದ್ದೆ. ಬರಬರುತ್ತಾ ಮಗು ಕಟ್ಟುವುದನ್ನೇ ಬಿಟ್ಟಿತು. ಎಲ್ಲವನ್ನೂ ತಂದು ನನ್ನ ಮಡಿಲಿಗೆ ಸುರಿದು, "ನೀ ಮಾಡು" ಎಂದು ಹೆಬ್ಬೆಟ್ಟು ಬಾಯಿಗಿಟ್ಟುಕೊಂಡು ಕೂರತೊಡಗಿತು.

ಇದನ್ನು ನೋಡಿದವರು ನಮ್ಮೂರ ಅಂಗನವಾಡಿ ಟೀಚರ್ ಕಾವ್ಯಶ್ರೀ. "ತಾತ, ನೀವು ಕಟ್ಟಿದ್ದು ಸಾಕು ಕಣ್ರೀ, ಇನ್ನು ಅವ್ಳು ಕಟ್ಲಿ ಬುಡಿ. ಬಿದ್ರೆ ಬೀಳ್ಲಿ. ಅವ್ಳಾಗಿ ಕೇಳ್ದಾಗ ಮಾತ್ರ ಕೈ ಕೊಡಿ" ಎಂದು ಅಪ್ಪಣೆ ಮಾಡಿ ಹೋದರು. ಅವಳ ಕಟ್ಟಡಕ್ಕೆ ದೊಡ್ಡವರ್ಯಾರೂ ಕೈ ಹಾಕಕೂಡದು ಎಂಬುದು ಅಂದಿನಿಂದ ನಮ್ಮನೆಯ ಕಾನೂನಾಯಿತು. ಮಗು ಮೆಲ್ಲಗೆ ಮತ್ತೆ ಕಟ್ಟತೊಡಗಿತು, ಆದರೆ ಕೇಳಲೇ ಇಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಬಹಳ ಬೇಜಾರಾಯಿತು.

ಇನ್ನು ತಮ್ಮ ವಿಷಯ. ನಮ್ಮ ಮಹದೇವಮ್ಮನ ತವರಿನ ಪದ್ಧತಿಯ ಪ್ರಕಾರ ಅಕ್ಕಿ ಅಳೆಯುವ ಸೇರು ಯಾವತ್ತೂ ಪೂರ್ತಿ ಬರಿದಾಗಬಾರದು, ಬೋರಲಂತೂ ಆಗಲೇಬಾರದು. ಹಾಗೇನಾದರೂ ಆದರೆ ಮನೆಯ ಏಳಿಗೆ ಅಲ್ಲಿಗೆ ಮುಗಿಯಿತೆಂದೇ ಲೆಕ್ಕ. ಆದ್ದರಿಂದ ರಾಣಿ ಹಟ ಹಿಡಿದು ಸೇರು ಕೇಳಿದಾಗಲೂ ತಳಕ್ಕೆ ಒಂದಿಷ್ಟು ಅಕ್ಕಿ ಹಾಕಿ, ಬಾಯಿ ಮೇಲೆ ಮಾಡಿಯೇ ಇಡಬೇಕೆಂದು ಹೇಳಿ ಕೊಟ್ಟಳು. ಮಗು ಅದರ ಮೇಲೆ ಸೇರಿಗಿಂತ ಚಿಕ್ಕ ಅಳತೆಯ ಪಾವು ಇಟ್ಟಿತು. ಪಾವು ಒಳಗೆ ಬಿತ್ತು. ತೆಗೆದು ಮತ್ತೆ ಇಟ್ಟಿತು, ಮತ್ತೆ ಡಣ್ ಎಂದು ಒಳಗೆ. ಸೇರಿನೊಳಕ್ಕೆ ಬಗ್ಗಿ ನೋಡಿ, ನಿಟ್ಟುಸಿರು ಬಿಟ್ಟು, ಪಾವನ್ನು ಹೊರಗೆ ತೆಗೆದುಕೊಂಡು ಕೂತಿತು. ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತಿದ್ದೆ.

ಅಷ್ಟರಲ್ಲಿ ತಾವು ದಯಮಾಡಿಸಿದಿರಿ. ತಳದ ಅಕ್ಕಿಯ ಮೇಲೆ ಕಣ್ಣಿಟ್ಟು, ಸೇರಿನ ಅಂಚಿನ ಮೇಲೆ ಹಾರಿ ನಿಂತು, ಅದನ್ನು ಕೆಡವಿ ಬೋರಲು ಮಾಡಿ, ಚೆಲ್ಲಿದ ಕಾಳನ್ನು ಹೆಕ್ಕಿ, ಒಂದು ಮಾತೂ ಆಡದೆ ಹಿತ್ತಿಲಿಗೆ ಹೊರಟುಹೋದಿರಿ. ಮಗು ಅಳಲಿಲ್ಲ. ಬೋರಲು ಬಿದ್ದ ಸೇರನ್ನು ಸ್ವಲ್ಪ ಹೊತ್ತು ನೋಡಿ, ಅದರ ಬೆನ್ನ ಮೇಲೆ ಪಾವನ್ನು ಇಟ್ಟಿತು. ನಿಂತಿತು! ತಾನೇ ಚಪ್ಪಾಳೆ ತಟ್ಟಿಕೊಂಡಿತು.

ಎಂಥ ಗುರು ತಾವು! ಕೆಡವಿದ ಮೇಲೆ ಒಂದು ಬುದ್ಧಿಮಾತೂ ಹೇಳದೆ ನಡೆದುಬಿಡುವ ವಿದ್ಯೆ ಮೇಸ್ತ್ರಿಗಳಿಗೆ ಜನ್ಮದಲ್ಲಿ ಬಂದಿದ್ದಿಲ್ಲ. ಆದ್ದರಿಂದ ತಾವು ತಾಲ್ಲೂಕಿನ ಸಮಸ್ತ ತಾತಂದಿರಿಗೆ ಒಂದು ತರಬೇತಿ ಶಿಬಿರ ನಡೆಸಿಕೊಡಬೇಕು, ಮತ್ತು ಶಿಬಿರಕ್ಕೆ ಬರುವಾಗ ಕಾಲು ತೊಳೆದುಕೊಂಡು ಬರಬೇಕು ಎಂದು ಕೇಳಿಕೊಳ್ಳುತ್ತೇನೆ.

ಆದರೆ ತಾವು ಹೋದಮೇಲೆ ಅಡುಗೆಮನೆಯಿಂದ ಬಂದ ಮಹದೇವಮ್ಮ ಬೋರಲು ಸೇರನ್ನು ಕಂಡು ಎದೆ ಹಿಡಿದುಕೊಂಡಳು. ಕೈ ಚಾಚಿದವಳನ್ನು ಮದುವೆಯಾದಾಗಿನಿಂದ ಮೊದಲ ಬಾರಿಗೆ ನಾನು ತಡೆದೆ. ಅವಳು ನನ್ನನ್ನು ನೋಡಿದಳು, ಮಗುವನ್ನು ನೋಡಿದಳು, ಆಮೇಲೆ ಸೇರಿಗೆ ಕೈ ಮುಗಿದು, "ಇದು ಇನ್ಮ್ಯಾಕೆ ಅಳೆಯೋ ಸೇರಲ್ಲ ಬುಡಿ, ಆಡೋ ಸೇರು. ನಾಳೆ ಸಂತೇಲಿ ಬ್ಯಾರೆ ತನ್ನಿ" ಎಂದು ಒಳಗೆ ಹೋದಳು. ಮನೆಯ ಏಳಿಗೆಯೂ ಉಳಿಯಿತು, ಪಾವೂ ನಿಂತಿತು.

ಪಾವಿನ ಮೇಲೆ ಕರಟ ಇಡುವಾಗ ಮಾತ್ರ ಎಲ್ಲ ವಾಲತೊಡಗಿತು. ಮಗು ಸುತ್ತ ನೋಡಿತು, ಎದ್ದು ಬಂದು ತೊಡೆಯ ಕೆಳಗಿನಿಂದ ನನ್ನ ಕೈಯನ್ನು ಎಳೆದು ತೆಗೆದು, ಪಾವಿಗೆ ಅಂಟಿಸಿ, "ತಾತ, ಇಡ್ಕ" ಎಂದಿತು. ಹಿಡಿದುಕೊಂಡೆ. ಕರಟ ನಿಂತಿತು. ಮಗು ಎದ್ದು ಅಜ್ಜಿಯ ಹತ್ತಿರ ಊಟಕ್ಕೆ ಹೋಯಿತು, ಅಲ್ಲೇ ಮಲಗಿಯೂ ಬಿಟ್ಟಿತು. ಬಿಡು ಎಂದು ಯಾರೂ ಹೇಳದ ಕಾರಣ ನಾನಿನ್ನೂ ಹಿಡಿದುಕೊಂಡೇ ಇದ್ದೇನೆ. ಈ ಪತ್ರವನ್ನು ಬರೆಯುತ್ತಿರುವುದು ಇನ್ನೊಂದು ಕೈಯಲ್ಲಿ. ನನ್ನ ಜೀವಮಾನದಲ್ಲಿ ಇಷ್ಟು ಒಳ್ಳೆಯ ಕೂಲಿ ಕೆಲಸ ನನಗೆ ಸಿಕ್ಕಿರಲಿಲ್ಲ. ದಯವಿಟ್ಟು ಮಗು ಏಳುವವರೆಗೆ ಈ ಕಡೆ ಸುಳಿಯಬೇಡಿ.

ಒಂದು ಕೈ ಬಿಡುವಿಲ್ಲದ,
ತಮ್ಮ ವಿಶ್ವಾಸಿ,
ನಂಜಣ್ಣ
(ನಿನ್ನೆಯವರೆಗೆ ಮೇಸ್ತ್ರಿ, ಇಂದಿನಿಂದ ರಾಣಿಯವರ ಕೈಯಾಳು)

ಮರೆತ ಮಾತು: ಭಾನುವಾರ ಹಾರನಹಳ್ಳಿಯಿಂದ ಬೀಗರು ಬರುತ್ತಿದ್ದಾರೆ. ಮಹದೇವಮ್ಮ ಆಗಲೇ ಮಸಾಲೆಗೆ ಧನಿಯ ಹುರಿಯುತ್ತಿದ್ದಾಳೆ, ಹುರಿಯುತ್ತಾ ಹಿತ್ತಿಲ ಕಡೆಗೇ ನೋಡುತ್ತಿದ್ದಾಳೆ. ತಮಗೆ ಬುದ್ಧಿಯಿದ್ದರೆ ಆ ದಿನ ಬೆಳಗಾಗುತ್ತಲೇ ಬಂದು ರಾಣಿಯ ಇಟ್ಟಿಗೆ ಚೂರುಗಳ ನಡುವೆ ಅಲುಗಾಡದೆ ಕೂತುಬಿಡಿ. ಅವಳ ಕಟ್ಟಡಕ್ಕೆ ದೊಡ್ಡವರ್ಯಾರೂ ಕೈ ಹಾಕಕೂಡದು.