ಇನ್ನೂರು ಸಿ ಬ್ಯಾಟರಿಯೂ ನನ್ನ ಭಾವನೂ

ರಿಮೋಟ್ ಕಾರಿನ ರೇಸಿನ ಹುಚ್ಚು ಹಿಡಿದ ಮೇಲೆ ನಾನು ಯಾರನ್ನೂ ನಂಬುವುದಿಲ್ಲ. ನಂಬದಿದ್ದಾಗಲೆಲ್ಲ ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ಇದಕ್ಕೆಲ್ಲ ಮೂಲ ನನ್ನ ಹೆಂಡತಿಯ ಅಣ್ಣ. ಮೂಡುಬಿದಿರೆಯಿಂದ ಭಾನುವಾರ ಭಾನುವಾರ ಕಾರು ಹಿಡಿದುಕೊಂಡು ನರಿಕೊಂಬಿಗೆ ಬಂದು, ನಮ್ಮ ಮನೆ ಹತ್ತಿರದ ಮೈದಾನದಲ್ಲಿ ನನ್ನನ್ನು ಸೋಲಿಸಿ, ನಮ್ಮಲ್ಲೇ ಕೋರಿರೊಟ್ಟಿ ತಿಂದು ಹೋಗುತ್ತಾರೆ. ಒಮ್ಮೆಯಾದರೂ ಈ ಭಾವನನ್ನು ಸೋಲಿಸದೆ ನನಗೆ ಸಮಾಧಾನವಿಲ್ಲ.

೧. ಸ್ಟಿಕ್ಕರ್

ಭಾವನ ಬ್ಯಾಟರಿಯಲ್ಲೇ ಏನೋ ಇದೆ ಎಂದು ನನ್ನ ಗುಮಾನಿ. ಬ್ಯಾಟರಿಯ ಮೇಲೆ ಬರೆದ ‘ಸಿ’ ಸಂಖ್ಯೆ, ಅದು ಒಂದೇ ಏಟಿಗೆ ಎಷ್ಟು ಕರೆಂಟು ಕೊಡಬಲ್ಲದು ಎಂಬುದರ ಲೆಕ್ಕ. ಮೆಲ್ಕಾರಿನ ಒಂದು ಅಂಗಡಿಯವರು ‘ಇನ್ನೂರು ಸಿ’ ಎಂದು ಮಿನುಗುವ ಸ್ಟಿಕ್ಕರಿನ ಬ್ಯಾಟರಿ ಮುಂದಿಟ್ಟರು. ಐದು ಆಂಪಿಯರ್-ಅವರ್ ಬ್ಯಾಟರಿ. ಅದನ್ನು ಸಿ ಸಂಖ್ಯೆ ಇನ್ನೂರರಿಂದ ಗುಣಿಸಿದರೆ ಸಾವಿರ ಆಂಪಿಯರ್! ವಯರು ನೋಡಿದರೆ ಟೇಬಲ್ ಫ್ಯಾನಿನದ್ದರಷ್ಟೇ ದಪ್ಪ.

“ಇದರಲ್ಲಿ ಸಾವಿರ ಆಂಪಿಯರ್ ಹೋಗ್ತದಾ ಮಾರಾಯ್ರೇ?” ಎಂದೆ.

ಅವರು ನನ್ನ ಮುಖ ನೋಡಿ, ಡ್ರಾಯರಿನಿಂದ ಸ್ಟಿಕ್ಕರುಗಳ ಕಟ್ಟು ತೆಗೆದರು. “ನಿಮಗೆ ಎಷ್ಟು ಬೇಕು ಹೇಳಿ, ಅಂಟಿಸಿ ಕೊಡ್ತೇನೆ.”

೨. ಮಡಕೆ

ಈ ಬ್ಯಾಟರಿಗಳಿಗೆ ಚಾರ್ಜ್ ಆಗುವಾಗ ಬೆಂಕಿ ಹಿಡಿಯುವ ಚಾಳಿ. ಅದಕ್ಕೆ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿಟ್ಟು, ಪ್ರತಿ ಶನಿವಾರ ಸಂಜೆ ಅಂಗಳದಲ್ಲಿ ಕಾವಲು ಕೂರುತ್ತೇನೆ. ಎದುರು ಮಡಕೆ, ಪಕ್ಕದಲ್ಲಿ ಚಾರ್ಜರಿನ ಕೆಂಪು ದೀಪ, ಕಣ್ಣು ಮಿಟುಕಿಸದ ನಾನು. ನೆರೆಮನೆಯ ಅಕ್ಕ ಕೆಲವು ವಾರ ಬೇಲಿಯಾಚೆಯಿಂದಲೇ ನೋಡಿದರು. ಕೊನೆಗೆ ಹತ್ತಿರ ಬಂದು ಪಿಸುಗುಟ್ಟಿದರು: “ಯಾರ ಮೇಲೆ ಮಾಟ?”

“ಮಾಟ ಅಲ್ಲ ಅಕ್ಕ, ಬ್ಯಾಟರಿ. ಭಾವನನ್ನು ಸೋಲಿಸ್ಲಿಕ್ಕೆ.”

ಅವರು ಬ್ಯಾಟರಿಯ ಮಾತನ್ನು ನಂಬಲೇ ಇಲ್ಲ. “ಹೇಗೂ ಮಾಡ್ತೀರಲ್ಲ, ನಮ್ಮ ನಾದಿನಿಯ ಹೆಸರೂ ಒಂದು ಸೇರಿಸಿ.”

೩. ಅದಲುಬದಲು

ಮಡಕೆಯೂ ಫಲ ಕೊಡಲಿಲ್ಲ. ಮರುದಿನ ಮತ್ತೆ ಸೋತೆ.

“ಭಾವ, ಬ್ಯಾಟರಿ ಬದಲಾಯಿಸುವ,” ಎಂದೆ.

“ಬದಲಾಯಿಸುವ,” ಎಂದರು. ಅಷ್ಟು ಸುಲಭದಲ್ಲಿ ಒಪ್ಪಿದ್ದೇ ನನ್ನ ಸಂಶಯ ಹೆಚ್ಚಿಸಿತು. ಅವರ ಬ್ಯಾಟರಿ ಹಾಕಿಯೂ ಸೋತೆ. ರಿಮೋಟು ಸಮೇತ ಕಾರನ್ನೇ ಬದಲಾಯಿಸಿದೆವು. ಆಗಲೂ ಸೋತೆ.

“ಇನ್ನು ಕೈ ಒಂದು ಬಾಕಿ ಉಂಟು,” ಎಂದರು ಭಾವ.

ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಹೆಂಡತಿ ಎದ್ದು ಬಂದಳು. “ಮೋಟರು ಕೇಳಿದಷ್ಟೇ ಅಲ್ವಾ ಬ್ಯಾಟರಿ ಕೊಡುವುದು? ನೀವು ತಿರುವಿನಲ್ಲೂ ಪೂರ್ತಿ ಒತ್ತಿ ಹಿಡೀತೀರಿ. ಕೊಡಿ ಇಲ್ಲಿ.”

ನನ್ನದೇ ಕಾರು, ನನ್ನದೇ ಬ್ಯಾಟರಿ. ಅಣ್ಣನನ್ನು ಸೋಲಿಸಿಯೇ ಬಿಟ್ಟಳು.

೪. ಬಿಟ್ಟುಕೊಟ್ಟದ್ದು

ಖುಷಿಯಾಗಬೇಕಿತ್ತು, ಹೊಟ್ಟೆ ಉರಿಯಿತು. ಊಟಕ್ಕೆ ಕೂತಾಗ ಹೇಳಿಯೇ ಬಿಟ್ಟೆ: “ತಂಗಿಯಲ್ವಾ, ಭಾವ ಬಿಟ್ಟುಕೊಟ್ಟದ್ದು.”

ಹೆಂಡತಿ ಸೌಟು ಅಲ್ಲೇ ಇಟ್ಟಳು. “ಹಾಗಾದ್ರೆ ನೀವೇ ಬನ್ನಿ.”

ಮತ್ತೆ ಮೈದಾನಕ್ಕೆ ಹೋದೆವು. ಅವಳ ಕೈಯಲ್ಲಿ ನನ್ನ ಕಾರು, ನನ್ನ ಕೈಯಲ್ಲಿ ಭಾವನದ್ದು. ಜೀವ ಬಿಟ್ಟು ಓಡಿಸಿದೆ. ಒಂದು ಸುತ್ತು ಹಿಂದೆ ಬಿದ್ದೆ.

ಭಾವ ನನ್ನನ್ನು ಬದಿಗೆ ಕರೆದು, ಕಣ್ಣು ಕಿರಿದು ಮಾಡಿ ಕೇಳಿದರು: “ನಿಜ ಹೇಳಿ ಭಾವ, ಹೆಂಡತಿ ಅಂತ ಬೇಕೂಂತಲೇ ಸೋತದ್ದಲ್ವಾ?”

ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಇನ್ನೊಬ್ಬರ ಸಂಶಯ ನನಗೆ ಅಷ್ಟು ಹಿತವಾದದ್ದು ಅದೇ ಮೊದಲು.