ಮಗ್ಗದ ಸದ್ದಿನಲ್ಲಿ ಒಂದು ವಿಚ್ಛೇದನ

ಬಾಡಿಗೆ ಮನೆ ಹುಡುಕುವಾಗ ನೀರು ಬರುತ್ತದೆಯೇ, ಬೈಕ್ ನಿಲ್ಲಿಸಬಹುದೇ ಎಂದೆಲ್ಲ ವಿಚಾರಿಸುತ್ತೇವೆ. ಒಳಗೆ ಕಿರುಚಾಡಿದರೆ ಹೊರಗೆ ಎಷ್ಟು ಕೇಳಿಸುತ್ತದೆ ಎಂದು ಯಾರೂ ವಿಚಾರಿಸುವುದಿಲ್ಲ. ಆ ದೃಷ್ಟಿಯಿಂದ ದೊಡ್ಡಬಳ್ಳಾಪುರದ ನಮ್ಮ ಮನೆ ಅರಮನೆಯೇ ಸರಿ. ಕೆಳಗೆ ಅಂಗಳದಾಚೆಯ ಶೆಡ್ಡಿನಲ್ಲಿ ಮನೆಯ ಓನರ್ ಜಯಮ್ಮನವರ ನಾಲ್ಕು ಪವರ್‌ಲೂಮ್ ಮಗ್ಗಗಳು ಬೆಳಗಿನಿಂದ ಸಂಜೆಯವರೆಗೆ ಬಡಿದುಕೊಳ್ಳುತ್ತಿರುತ್ತವೆ. ಮಹಡಿಯಲ್ಲಿ ನಾನು ಮತ್ತು ರಘು. ನಾನು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ರಘು ದೇವನಹಳ್ಳಿಯ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿದ್ದಾನೆ. ಒಂಬತ್ತು ವರ್ಷದಿಂದ ನಾವಿಬ್ಬರೂ ಇಲ್ಲೇ ಸಂಸಾರ ಮಾಡುತ್ತಿದ್ದೇವೆ. ಮನೆ ನೋಡಲು ಬಂದ ದಿನ ಜಯಮ್ಮ "ಇವ್ರು ಯಾರು ಮೇಷ್ಟ್ರೇ?" ಎಂದಾಗ ನಾನು "ಚಿಕ್ಕಪ್ಪನ ಮಗ" ಎಂದುಬಿಟ್ಟಿದ್ದೆ. ಅದನ್ನು ತಿದ್ದಲು ಒಳ್ಳೆಯ ದಿನವೊಂದು ಕೂಡಿಬರಲೇ ಇಲ್ಲ. ಅಡುಗೆಮನೆ ಕಿಟಕಿಯ ಬಳಿ ನಿಂತು ನಾವು ವರ್ಷಗಟ್ಟಲೆ ಜಗಳವಾಡಿದ್ದು ಬಹುಪಾಲು ಇದೇ ವಿಷಯಕ್ಕೆ.

ಹೀಗಿರುವಾಗ ನಮ್ಮೂರಿನ ಹವ್ಯಾಸಿ ತಂಡಕ್ಕೆ ಹೊಸದೇನಾದರೂ ಬೇಕೆಂದು ನಾನೊಂದು ನಾಟಕ ತಂದೆ. ಮೂಲ ಆಫ್ರಿಕಾನ್ಸ್, ಅಂದರೆ ದಕ್ಷಿಣ ಆಫ್ರಿಕಾದ ಒಂದು ಭಾಷೆ. ನನಗೆ ಸಿಕ್ಕಿದ್ದು ಇಂಗ್ಲಿಷಿನಲ್ಲಿ. ಕಾನೂನುಬದ್ಧವಾಗಿ ಮದುವೆಯಾದ ಇಬ್ಬರು ಗಂಡಸರು ಕಾನೂನುಬದ್ಧವಾಗಿ ವಿಚ್ಛೇದನ ಪಡೆಯುವ ಕಥೆ. ಅರ್ಧ ನಗು, ಅರ್ಧ ಅಳು. ಅವರು ಮಾಂಸ ಸುಡುವ ಒಲೆಗಾಗಿ ಕಿತ್ತಾಡುತ್ತಾರೆ. ನಾನು ಕನ್ನಡಕ್ಕೆ ತರುವಾಗ ಒಲೆಯ ಜಾಗದಲ್ಲಿ ಗ್ರೈಂಡರ್ ಇಟ್ಟೆ. ಗಂಡಂದಿರ ಪಾತ್ರಕ್ಕೆ ತಂಡದಲ್ಲಿ ಯಾರೂ ಒಪ್ಪದೆ ಅವು ನನಗೂ ರಘುವಿಗೂ ಬಂದವು.

"ಅದು ನಮ್ಮನೆ ಗ್ರೈಂಡರ್ ಕಣೋ," ಎಂದ ರಘು, ಮೊದಲ ಓದಿನಲ್ಲೇ. "ನಾಟಕದೋರಿಗೆ ಬಿಟ್ಟೋಗಕ್ಕಾದ್ರೂ ಒಂದು ಕಾಗದ ಇದೆ. ನಾನು ನಾಳೆ ಹೋದ್ರೆ ಏನಂತೀಯಾ? ಚಿಕ್ಕಪ್ಪನ ಮಗ ಊರಿಗೆ ಹೋದ ಅಂತೀಯಾ?"

ನಾನು ಮುಂದಿನ ಪುಟ ತಿರುವಿದೆ. ಕಷ್ಟ ಬಂದಾಗ ಪುಟ ತಿರುವುವುದು ಮೇಷ್ಟ್ರ ಅಭ್ಯಾಸ.

ಒಂದು ಭಾನುವಾರ ಅಡುಗೆಮನೆಯಲ್ಲೇ ತಾಲೀಮು ನಡೆದಿತ್ತು. ಅದು ಎಲ್ಲಿಯವರೆಗೆ ತಾಲೀಮಾಗಿತ್ತು, ಎಲ್ಲಿಂದ ನಮ್ಮದೇ ಜಗಳವಾಯಿತು ಎಂದು ನಾನು ಹೇಳಲಾರೆ. ನನ್ನ ನೆನಪು ಪ್ರತಿ ಸಲವೂ ಗೆರೆಯನ್ನು ಬೇರೆ ಬೇರೆ ಕಡೆ ಎಳೆಯುತ್ತದೆ. ಮಗ್ಗಗಳ ಅಬ್ಬರಕ್ಕೆ ಸರಿಯಾಗಿ ನಾವೂ ಗಂಟಲು ಹರಿದುಕೊಳ್ಳುತ್ತಿದ್ದೆವು. ಕರೆಂಟ್ ಹೋಯಿತು. ನಾಲ್ಕೂ ಮಗ್ಗ ಒಟ್ಟಿಗೆ ನಿಂತವು. ಆ ಮೌನದಲ್ಲಿ ಇಡೀ ಬೀದಿಗೆ ಒಂದೇ ಮಾತು ಕೇಳಿಸಿತು: "ನಂಗೆ ನಿನ್ನಿಂದ ಡೈವೋರ್ಸ್ ಬೇಕು."

ಅದನ್ನು ಹೇಳಿದ್ದು ರಘು ಎಂದು ನಾನು. ಅದು ನನ್ನ ಬಾಯಿಂದಲೇ ಬಂತು ಎಂದು ರಘು. ಆಮೇಲೆ ಪ್ರತಿ ತೆಗೆದು ನೋಡಿದೆ. ನಾಟಕದಲ್ಲಿ ಆ ಮಾತೇ ಇರಲಿಲ್ಲ.

ಜಯಮ್ಮ ಮೆಟ್ಟಿಲು ಹತ್ತಿ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ಸೀರೆಯ ಮೇಲೆಲ್ಲ ರೇಷ್ಮೆ ಎಳೆಗಳು.

"ಅದು ನಾಟಕ, ಜಯಮ್ಮ," ಎಂದೆ, ಅವರು ಕೇಳುವ ಮೊದಲೇ. ರಘು ನನ್ನತ್ತ ನೋಡಲಿಲ್ಲ. ರೂಮಿಗೆ ಹೋದ. ಅಟ್ಟದಿಂದ ಸೂಟ್‌ಕೇಸ್ ಇಳಿಸುವ ಸದ್ದು ಕೇಳಿಸಿತು. ಅದೂ ನಾಟಕದಲ್ಲಿರಲಿಲ್ಲ.

"ಮೇಷ್ಟ್ರೇ, ನಾನು ಮಗ್ಗದ ಮನೇಲಿ ಹುಟ್ದೋಳು," ಎಂದರು ಜಯಮ್ಮ. "ಆ ಸದ್ದಲ್ಲಿ ಯಾರ ಮಾತು ಯಾರಿಗೆ ಕೇಳ್ಸುತ್ತೆ? ನಾವು ತುಟಿ ನೋಡ್ಕೊಂಡೇ ಮಾತಾಡೋದು. ನಿಮ್ಮ ಈ ಕಿಟಕಿ ನನ್ನ ಮಗ್ಗಕ್ಕೆ ಸರಿಯಾಗಿ ಎದುರಿಗಿದೆ."

ನಾನು ಕಿಟಕಿ ನೋಡಿದೆ. ಕೆಳಗೆ ಅವರ ಮಗ್ಗ ಕಂಡಿತು. ಒಂಬತ್ತು ವರ್ಷದ ಜಗಳ, ಆಮೇಲಿನ ರಾಜಿ, ರಾಜಿಯಲ್ಲಿ ಆಡಬಾರದ ಮಾತುಗಳು, ಎಲ್ಲ ಒಂದೊಂದಾಗಿ ನೆನಪಾಗಿ ಕಿವಿ ಬಿಸಿಯಾಯಿತು.

"ಎಷ್ಟು ವರ್ಷದಿಂದ ಗೊತ್ತು?"

"ನೀವು ಬಂದ ಎರಡನೇ ವಾರದಿಂದ. ಚಿಕ್ಕಪ್ಪನ ಮಗಂಗೆ ಯಾರು ಹಂಗೆ ಬೈತಾರೆ?" ಎಂದವರು ರೂಮಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು: "ಲೇ ರಘು, ಆ ಪೆಟ್ಟಿಗೆ ಮೇಲಿಡು. ಒಂದು ಮದ್ವೆ ಊಟ ಹಾಕ್ಸಿಲ್ಲ, ಅಷ್ಟರಲ್ಲೇ ಬಿಟ್ಟೋಗ್ತಾನಂತೆ. ಬರೋ ಭಾನುವಾರ ನಮ್ಮನೇಲೇ ಊಟ. ಹೋಗೋದಿದ್ರೆ ಉಂಡು ಹೋಗು."

ರಘು ಬಾಗಿಲಿಗೆ ಬಂದು ನಿಂತ. "ಇವ್ನು ಜನರ ಮುಂದೆ ನನ್ನ ಯಾರು ಅಂತ ಹೇಳ್ತಾನೋ ಕೇಳಿ ಮೊದ್ಲು. ಆಮೇಲೆ ಊಟ."

ಮುಂದಿನ ಭಾನುವಾರ ಬಂತು. ಹೋಳಿಗೆ, ಅವರೆಕಾಳು ಸಾರು. ಪಂಕ್ತಿಯಲ್ಲಿ ಹದಿನೈದು ಜನ, ಎಲ್ಲರೂ ಮಗ್ಗದವರೇ. ಯಾವುದೋ ಮದುವೆಯ ಸೀರೆ ತುರ್ತಾಗಿ ಕೊಡಬೇಕಿತ್ತೆಂದು ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಲೇ ಇದ್ದವು. ಎದುರಿಗೆ ಕೂತ ಜಯಮ್ಮನ ತಮ್ಮ ರಘುವಿನತ್ತ ಗದ್ದ ಎತ್ತಿ ತೋರಿಸಿ, "ಇವ್ರು?" ಎಂದು ಕೇಳಿದರು. ರಘು ಹೋಳಿಗೆ ಮುರಿಯುವುದನ್ನು ನಿಲ್ಲಿಸಿದ. ಮಹಡಿಯ ನಮ್ಮ ರೂಮಿನಲ್ಲಿ ಸೂಟ್‌ಕೇಸ್ ಇನ್ನೂ ನೆಲದ ಮೇಲೇ ಇತ್ತು.

ನಾನು ಬಾಯಿ ತೆರೆದೆ. ಧ್ವನಿ ಹೊರಡಲಿಲ್ಲ. ಹಾಗೇ ಬರೀ ತುಟಿಯಲ್ಲಿ, "ನಮ್ಮನೆಯವ್ರು" ಎಂದೆ.

ಇಡೀ ಪಂಕ್ತಿ ತಲೆಯಾಡಿಸಿತು. ಜಯಮ್ಮನ ತಮ್ಮ ರಘುವಿನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಸಂಜೆ ಸೂಟ್‌ಕೇಸ್ ತಾನಾಗಿಯೇ ಅಟ್ಟ ಸೇರಿತ್ತು.

ಇದನ್ನು ಓದಿದ ರಘು, "ನೀನು ಆವತ್ತು ತುಟೀನೂ ಅಲ್ಲಾಡಿಸ್ಲಿಲ್ಲ, ಹೋಳಿಗೆ ಅಗೀತಿದ್ದೆ, ಅವ್ರೇ ಹಂಗಂತ ಓದ್ಕೊಂಡ್ರು," ಎನ್ನುತ್ತಾನೆ. ಇರಬಹುದು. ಈ ವಿಷಯಕ್ಕೆ ನಮ್ಮಲ್ಲಿ ಈಗ ಹೊಸ ಜಗಳ ನಡೆಯುತ್ತಿದೆ, ಕಿಟಕಿಗೆ ಬೆನ್ನು ಹಾಕಿಕೊಂಡು.